ಮನೆ ಇಳಿದು ದೋಣಿ ಹತ್ತುವ ಮುನ್ನ

ಮನೆ ಹೋಯಿತೆಂದು ಮುಖ ಮರೆಸಿಕೊಳ್ಳಬೇಡ. ನಿನಗೆ ಮೊದಲು ಹೇಳಬೇಕಾದ ಮಾತು ಇದು. ಕೆಲಸ ಹೋಗಿರಬಹುದು, ವ್ಯಾಪಾರ ಕೈಕೊಟ್ಟಿರಬಹುದು, ಮದುವೆ ಮುರಿದಿರಬಹುದು, ಬಾಡಿಗೆ ಕಟ್ಟಿದ ಮೇಲೆ ತಿಂಗಳ ಖರ್ಚಿಗೆ ಏನೂ ಉಳಿಯದ ಸ್ಥಿತಿ ಬಂದಿರಬಹುದು. ಇಂಥ ಹೊತ್ತಿನಲ್ಲಿ, ಇಂಗ್ಲೆಂಡಿನ ಕಾಲುವೆಯ ಮೇಲೆ ನ್ಯಾರೋಬೋಟ್ ಎಂಬ ಕಿರಿದಾದ ಹಳೆಯ ದೋಣಿಯೊಂದನ್ನು ಕೊಂಡು ಅದರಲ್ಲೇ ಇದ್ದುಬಿಡೋಣ ಎಂಬ ಯೋಚನೆ ನಿನ್ನ ತಲೆಗೆ ಬಂದಿದ್ದರೆ ಅದೇನೂ ಹುಚ್ಚಲ್ಲ. ನನ್ನ ಕಾರ್ಖಾನೆ ಬಾಗಿಲು ಹಾಕಿದಾಗ, ಬರ್ಮಿಂಗ್‌ಹ್ಯಾಮ್‌ನ ಮನೆ ಮಾರಿ ಬ್ಯಾಂಕಿನ ಸಾಲ ತೀರಿಸಿ, ನಾನೂ ನನ್ನ ಹೆಂಡತಿಯೂ ಅದನ್ನೇ ಮಾಡಿದೆವು. ಹಲವು ಚಳಿಗಾಲಗಳನ್ನು ನೀರಿನ ಮೇಲೆ ಕಳೆದೆವು. ಹಾಗಾಗಿ ನಿನ್ನನ್ನು ತಡೆಯುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ಲೆಕ್ಕ ಹಾಕಿ, ಕಣ್ಣು ತೆರೆದು, ಹೇಳಬೇಕಾದವರಿಗೆಲ್ಲ ಹೇಳಿ ಹೋಗು ಎನ್ನುವುದಕ್ಕಾಗಿ ಬರೆಯುತ್ತಿದ್ದೇನೆ.

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬುದನ್ನು ಕೇಳುತ್ತಲೇ ಬೆಳೆದವರು ನಾವು. ಮನೆ ಕಟ್ಟಿದವನು ಗೆದ್ದವನು, ಮಾರಿದವನು ಸೋತವನು ಎಂಬ ಲೆಕ್ಕ ನಮ್ಮ ರಕ್ತದಲ್ಲೇ ಇಳಿದುಬಿಟ್ಟಿದೆ. ಊರಿಂದ ಬಂದ ನೆಂಟರಿಗೆ ಎಷ್ಟು ಬೆಡ್‌ರೂಮ್ ಎಂದು ಹೇಳುವುದರಲ್ಲೇ ಅರ್ಧ ಆಯುಷ್ಯ ಕಳೆಯುತ್ತದೆ. ಆ ಲೆಕ್ಕವನ್ನು ದಂಡೆಯಲ್ಲೇ ಬಿಟ್ಟು ಬಾ. ಇರುವುದನ್ನು ಕಡಿಮೆ ಮಾಡಿಕೊಂಡು ಋಣವಿಲ್ಲದೆ ನಿಂತವನ ಮರ್ಯಾದೆ, ಸಾಲದ ಮೇಲೆ ನಾಲ್ಕು ಕೋಣೆ ಇಟ್ಟುಕೊಂಡು ರಾತ್ರಿಯಿಡೀ ಹೊರಳಾಡುವವನ ಮರ್ಯಾದೆಗಿಂತ ಕಡಿಮೆಯೇನಲ್ಲ.

ಈ ಕಾಲುವೆಗಳ ಮೇಲೆ ಸಂಸಾರ ಹೂಡುವುದು ಶುರುವಾದದ್ದೇ ಕಷ್ಟದಿಂದ. ಬ್ರಿಜ್‌ವಾಟರ್ ಕಾಲುವೆ 1761ರಲ್ಲಿ ತೆರೆದ ಮೇಲೆ ದೇಶದ ತುಂಬ ಕಾಲುವೆ ತೋಡಿ, ಕಲ್ಲಿದ್ದಲು, ಮಡಕೆ, ಕಬ್ಬಿಣವನ್ನೆಲ್ಲ ದೋಣಿಯಲ್ಲಿ ಸಾಗಿಸಿದರು. ಆಗ ದೋಣಿಯವನ ಮನೆ ದಂಡೆಯ ಮೇಲಿತ್ತು, ಹೆಂಡತಿ ಮಕ್ಕಳು ಅಲ್ಲಿರುತ್ತಿದ್ದರು. ರೈಲು ಬಂದು ಸಾಗಣೆ ದರ ಕುಸಿದಾಗ ಮನೆ ಬಾಡಿಗೆಗೂ ಕೂಲಿಯಾಳಿಗೂ ಎರಡಕ್ಕೂ ದುಡ್ಡು ಸಾಲದೆ, ದೋಣಿಯವರು ಸಂಸಾರವನ್ನೇ ದೋಣಿಗೆ ಏರಿಸಿದರು. ಹೆಂಡತಿ ಚುಕ್ಕಾಣಿ ಹಿಡಿದಳು, ಮಕ್ಕಳು ದೋಣಿ ಎಳೆಯುವ ಕುದುರೆ ನಡೆಸಿದರು. ಹಿಂಬದಿಯ ಕೋಣೆ ಹತ್ತು ಅಡಿ ಉದ್ದವಿದ್ದರೆ ಹೆಚ್ಚು. ಅಡುಗೆ, ಹೆರಿಗೆ, ನಿದ್ದೆ ಎಲ್ಲವೂ ಅಲ್ಲೇ. ಆ ಇಕ್ಕಟ್ಟು ಎಷ್ಟಿತ್ತೆಂದರೆ, ಒಂದು ದೋಣಿಯಲ್ಲಿ ಎಷ್ಟು ಜನ ಮಲಗಬಹುದು ಎಂದು ಗೊತ್ತುಮಾಡಲು 1877ರಲ್ಲೂ 1884ರಲ್ಲೂ ಪಾರ್ಲಿಮೆಂಟು ಕಾನೂನು ಮಾಡಬೇಕಾಯಿತು. ಅಷ್ಟು ಕಿರಿದಾದ ಕೋಣೆಯ ಬಾಗಿಲಿಗೆ ಅವರು ಗುಲಾಬಿ ಹೂವನ್ನೂ ಕೋಟೆಯನ್ನೂ ಬಣ್ಣಬಣ್ಣವಾಗಿ ಬರೆದುಕೊಂಡರು. ಇಂದು ಪ್ರವಾಸಿಗರು ಆ ಚಿತ್ರದ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನೀನು ಅದನ್ನು ನೋಡಿದಾಗ, ಬಾಡಿಗೆ ಕಟ್ಟಲಾಗದೆ ನೀರಿಗೆ ಇಳಿದವರ ಕೈ ಅದು ಎಂದು ನೆನಪಿಟ್ಟುಕೋ.

ಇನ್ನೊಬ್ಬರ ಬದುಕನ್ನು ನೀನು ತಿಳಿಯಲೇಬೇಕು. ಪೆನೆಲೊಪಿ ಫಿಟ್ಸ್‌ಜೆರಾಲ್ಡ್ ಎಂಬ ಲೇಖಕಿ. ಆಕ್ಸ್‌ಫರ್ಡ್‌ನಲ್ಲಿ ಮೊದಲ ದರ್ಜೆಯಲ್ಲಿ ಪಾಸಾದವರು, ಅಪ್ಪ 'ಪಂಚ್' ಪತ್ರಿಕೆಯ ಸಂಪಾದಕರು. ಗಂಡ ಹೆಂಡತಿ ಸೇರಿ ನಡೆಸಿದ ಪತ್ರಿಕೆ ನಿಂತುಹೋಯಿತು, ಸಾಲ ಏರಿತು, ಗಂಡ ಕುಡಿತಕ್ಕೆ ಬಿದ್ದರು. 1960ರ ಸುಮಾರಿಗೆ ಲಂಡನ್ನಿಗೆ ಮರಳಿದಾಗ ಮೂರು ಮಕ್ಕಳ ಸಂಸಾರಕ್ಕೆ ಸಿಕ್ಕಿದ್ದು, ಚೆಲ್ಸಿ-ಬ್ಯಾಟರ್ಸೀ ನಡುವಿನ ಥೇಮ್ಸ್‌ನಲ್ಲಿ ಕಟ್ಟಿದ್ದ 'ಗ್ರೇಸ್' ಎಂಬ ಹಳೆಯ ಸರಕು ದೋಣಿ. ಅಗ್ಗವಾಗಿತ್ತು, ಸೋರುತ್ತಿತ್ತು. ಭರತದಲ್ಲಿ ತೇಲುತ್ತಿತ್ತು, ಇಳಿತದಲ್ಲಿ ಕೆಸರಿನ ಮೇಲೆ ಕೂರುತ್ತಿತ್ತು. ಅಲ್ಲಿಂದಲೇ ಅವರು ದಿನಾ ಪಾಠ ಹೇಳಲು ಶಾಲೆಗೆ ಹೋಗಿಬಂದರು. 1963ರಲ್ಲಿ ಆ ದೋಣಿ ಮುಳುಗಿತು. ಪುಸ್ತಕ, ಕಾಗದಪತ್ರ ಎಲ್ಲ ನೀರುಪಾಲಾದವು. ಸಂಸಾರ ನಿರ್ಗತಿಕರ ತಂಗುದಾಣಕ್ಕೆ ಹೋಗಿ, ಆಮೇಲೆ ಕೌನ್ಸಿಲ್ ಮನೆ ಸೇರಿತು. ಅವರ ಮೊದಲ ಪುಸ್ತಕ ಬಂದದ್ದು 1975ರಲ್ಲಿ, ಅರವತ್ತರ ಹತ್ತಿರ ಹತ್ತಿರ. 1979ರಲ್ಲಿ ಆ ದೋಣಿ ಬದುಕನ್ನೇ ಆಧರಿಸಿದ 'ಆಫ್‌ಶೋರ್' ಕಾದಂಬರಿಗೆ ಬುಕರ್ ಪ್ರಶಸ್ತಿ ಬಂತು.

ಈ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಕೊನೆಯ ಪ್ರಶಸ್ತಿಯನ್ನು ಹಿಡಿದುಕೊಳ್ಳುತ್ತಾರೆ. ನನಗೆ ನಡುವಿನದೇ ಮುಖ್ಯ. ಅವರನ್ನು ದಡ ಸೇರಿಸಿದ್ದು ದೋಣಿಯಲ್ಲ. ದೋಣಿ ಮುಳುಗಿದ ಮೇಲೂ ಪಾಠ ಹೇಳಲು ಹೋದದ್ದು, ವರ್ಷಗಟ್ಟಲೆ ಮಕ್ಕಳ ಪರೀಕ್ಷೆಯ ಉತ್ತರ ತಿದ್ದಿದ್ದು. ದೋಣಿಗೆ ಹೋದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದರೆ ನೀನು ದೋಣಿಯ ಮೇಲೆ ಹೊರಲಾರದ ಭಾರ ಹೇರುತ್ತಿದ್ದೀಯ. ನಿನ್ನ ಸಂಪಾದನೆಯ ದಾರಿ ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೋ. ಅದಕ್ಕೆ ಹೊಂದುವಂತೆ ದೋಣಿ ಇರಲಿ.

ಈಗ ದುಡ್ಡಿನ ಮಾತು. ಸಾಲ ಮಾಡಿ ದೋಣಿ ಕೊಳ್ಳಬೇಡ. ನೆಲದ ಮನೆಗೆ ಸಿಗುವಂಥ ಗೃಹಸಾಲ ದೋಣಿಗೆ ಸಿಗುವುದಿಲ್ಲ. ಸಿಗುವ ಸಾಲಕ್ಕೆ ಬಡ್ಡಿ ಜಾಸ್ತಿ, ಅವಧಿ ಕಡಿಮೆ. ನೆಲ ಬೆಲೆ ಏರಿಸಿಕೊಳ್ಳುತ್ತದೆ, ಉಕ್ಕು ತುಕ್ಕು ಹಿಡಿಯುತ್ತದೆ. ಹಾಗಾಗಿ ಇದನ್ನು ಆಸ್ತಿ ಎಂದು ತಿಳಿಯಬೇಡ. ಇದು ಬಾಡಿಗೆ ಉಳಿಸುವ ಉಪಾಯ, ಅಷ್ಟೇ. ಕೈಯಲ್ಲಿರುವ ಅಷ್ಟೂ ಹಣವನ್ನು ದೋಣಿಗೆ ಸುರಿಯಬೇಡ. ಕಾಲು ಭಾಗವನ್ನಾದರೂ ಮುಟ್ಟದೆ ಇಡು. ಮೊದಲ ಚಳಿಗಾಲದಲ್ಲಿ ಬ್ಯಾಟರಿ, ಒಲೆ, ಎಂಜಿನ್ ಈ ಮೂರರಲ್ಲಿ ಒಂದು ಕೈಕೊಡುತ್ತದೆ ಎಂದೇ ಇಟ್ಟುಕೋ.

ಕೊಳ್ಳುವಾಗ ಒಳಗಿನ ಮರಗೆಲಸ, ಚೆಂದದ ಪರದೆ, ಹೊಳೆಯುವ ಹಿತ್ತಾಳೆ ನೋಡಿ ಮರುಳಾಗಬೇಡ. ನೀನು ಕೊಳ್ಳುತ್ತಿರುವುದು ನೀರಿನ ಕೆಳಗಿರುವ ಉಕ್ಕಿನ ತಗಡನ್ನು. ನ್ಯಾರೋಬೋಟ್ ಅಗಲ 6 ಅಡಿ 10 ಅಂಗುಲ, ಯಾಕೆಂದರೆ ನೀರಿನ ಮಟ್ಟ ಏರಿಸಿ ಇಳಿಸಿ ದೋಣಿ ದಾಟಿಸುವ ಗೇಟಿನ ತೊಟ್ಟಿಗಳಾದ ಹಳೆಯ ಲಾಕ್‌ಗಳ ಅಗಲ ಸುಮಾರು 7 ಅಡಿ. ಉದ್ದ 70 ಅಡಿವರೆಗೂ ಇರುತ್ತದೆ; 57 ಅಡಿ ಇದ್ದರೆ ಹೆಚ್ಚುಕಡಿಮೆ ಎಲ್ಲ ಕಾಲುವೆಗಳಲ್ಲೂ ಹೋಗಬಹುದು. ದೋಣಿಯವರು 'ಹತ್ತು-ಆರು-ನಾಲ್ಕು' ಎನ್ನುವುದನ್ನು ಕೇಳುತ್ತೀಯ. ತಳ 10 ಮಿಲಿಮೀಟರ್, ಪಕ್ಕ 6, ಮೇಲಿನ ಕ್ಯಾಬಿನ್ 4 ಎಂದರ್ಥ. ಅದು ಹೊಸದರಲ್ಲಿ. ವರ್ಷ ಕಳೆದಂತೆ ತುಕ್ಕು ಅಲ್ಲಲ್ಲಿ ಗುಳಿ ಬೀಳಿಸುತ್ತದೆ.

ಅದನ್ನು ಕಂಡುಹಿಡಿಯಲು ದೋಣಿಯನ್ನು ನೀರಿನಿಂದ ಮೇಲೆತ್ತಿ ಸರ್ವೇಯರ್ ಕೈಲಿ ನೋಡಿಸಬೇಕು. ಆ ದಿನ ನೀನೂ ಅಲ್ಲಿ ನಿಂತಿರು. ಅವನು ಪಾಚಿ ಕೆರೆದು, ಹಳೆಯ ಟಾರು ಬಣ್ಣ ಎಬ್ಬಿಸಿ, ಸುತ್ತಿಗೆಯಿಂದ ಬಡಿಯುತ್ತಾ ಬರುತ್ತಾನೆ. ಗಟ್ಟಿ ಉಕ್ಕು ಖಣ್ಣೆನ್ನುತ್ತದೆ, ಸವೆದ ಜಾಗದಲ್ಲಿ ಸದ್ದು ಮಂದವಾಗುತ್ತದೆ. ಆಮೇಲೆ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಮಾಪಕ ಒತ್ತಿ ಅಂಕಿ ಓದಿ, ಸೀಮೆಸುಣ್ಣದಲ್ಲಿ ಆ ಜಾಗದ ಪಕ್ಕದಲ್ಲೇ ಬರೆಯುತ್ತಾನೆ: 5.6, 5.4, 5.1. ಎಂಜಿನ್ನಿನ ಹಿಂದೆ, ನೀರಿನ ಗೆರೆ ಬರುವಲ್ಲಿ, ಅಂಕಿ ಇದ್ದಕ್ಕಿದ್ದಂತೆ ಇಳಿದರೆ ಅಲ್ಲೇ ಮಾತು ನಿಲ್ಲಿಸಿ ಕೇಳು. 4 ಮಿಲಿಮೀಟರ್‌ಗಿಂತ ತೆಳುವಾದರೆ ವಿಮೆಯವರು ಸಾಮಾನ್ಯವಾಗಿ ತಕರಾರು ತೆಗೆಯುತ್ತಾರೆ. ಮಾರುವವನು ಎಷ್ಟೇ ಒಳ್ಳೆಯವನಾಗಿರಲಿ, ಅವನೇ ತೋರಿಸುವ ಹಳೆಯ ಸರ್ವೇ ವರದಿಯನ್ನು ನಂಬಬೇಡ. ನಿನ್ನ ದುಡ್ಡು ಕೊಟ್ಟು, ನಿನಗಾಗಿ ಬರೆಸು. ಕೊಂಡ ಮೇಲೂ ಎರಡು ಮೂರು ವರ್ಷಕ್ಕೊಮ್ಮೆ ದೋಣಿ ಮೇಲೆತ್ತಿ ತಳಕ್ಕೆ ಕಪ್ಪು ಬಳಿಯಬೇಕು. ಆ ಖರ್ಚನ್ನು ತಿಂಗಳ ಲೆಕ್ಕದಲ್ಲೇ ಎತ್ತಿಡು.

ಕಾಲುವೆಗಳಲ್ಲಿ ಹೆಚ್ಚಿನವು, ಸುಮಾರು 2,000 ಮೈಲಿ, 2012ರಿಂದ ಕೆನಾಲ್ ಅಂಡ್ ರಿವರ್ ಟ್ರಸ್ಟ್ ಎಂಬ ಸಂಸ್ಥೆಯ ಉಸ್ತುವಾರಿಯಲ್ಲಿವೆ. ಅವರ ಲೈಸೆನ್ಸ್ ಬೇಕು, ವಿಮೆ ಬೇಕು, ನಾಲ್ಕು ವರ್ಷಕ್ಕೊಮ್ಮೆ ಬೋಟ್ ಸೇಫ್ಟಿ ಸರ್ಟಿಫಿಕೇಟ್ ಬೇಕು. ಒಂದೇ ಜಾಗದಲ್ಲಿ ದೋಣಿ ಕಟ್ಟಿಕೊಂಡಿರಲು ಮೂರಿಂಗ್ ಬಾಡಿಗೆ ಕೊಡಬೇಕು. ಅದರಲ್ಲೂ ಸಂಸಾರ ಮಾಡಲು ಅನುಮತಿ ಇರುವ ಮೂರಿಂಗ್‌ಗಳು ಕಡಿಮೆ. ಮೂರಿಂಗ್ ಇಲ್ಲದವರು 1995ರ ಕಾಯ್ದೆಯ ಪ್ರಕಾರ ಯಾವ ಜಾಗದಲ್ಲೂ 14 ದಿನಕ್ಕಿಂತ ಹೆಚ್ಚು ನಿಲ್ಲದೆ ನಿಜವಾಗಿಯೂ ಸಂಚಾರ ಮಾಡುತ್ತಿರಬೇಕು. ಹಿಂದೆ ಮುಂದೆ ಒಂದೇ ಸೇತುವೆಯ ಆಸುಪಾಸಿನಲ್ಲಿ ಸುಳಿದಾಡಿದರೆ ಒಪ್ಪುವುದಿಲ್ಲ. ವರ್ಷದಲ್ಲಿ 20 ಮೈಲಿಯ ಹರವಾದರೂ ಇರಬೇಕೆಂದು ಅವರ ನಿರೀಕ್ಷೆ. 2024ರ ಏಪ್ರಿಲ್‌ನಿಂದ ಹೀಗೆ ಸಂಚರಿಸುವವರ ಲೈಸೆನ್ಸಿಗೆ ಹೆಚ್ಚುವರಿ ಶುಲ್ಕವನ್ನೂ ಹಾಕಿದ್ದಾರೆ. ಇದು ನ್ಯಾಯವೇ ಎಂದು ದೋಣಿಯವರಲ್ಲಿ ದೊಡ್ಡ ಜಗಳವಿದೆ. ಬೇರೆ ದಾರಿಯಿಲ್ಲದೆ ನೀರಿಗಿಳಿದವರ ಮೇಲೇ ಹೆಚ್ಚು ಭಾರ ಬೀಳುತ್ತದೆ ಎಂಬುದು ನನ್ನ ಅಭಿಪ್ರಾಯ. ಆದರೆ ಅಭಿಪ್ರಾಯ ನನ್ನದು, ಬಿಲ್ಲು ನಿನ್ನದು. ಅದನ್ನು ಕಟ್ಟು. ಲೈಸೆನ್ಸ್ ಇಲ್ಲದ ದೋಣಿಯನ್ನು ಎತ್ತಿಕೊಂಡು ಹೋಗುವ ಅಧಿಕಾರ ಅವರಿಗಿದೆ.

14 ದಿನದ ನಿಯಮ ಕಾಗದದ ಮೇಲೆ ಸಣ್ಣದು, ಬದುಕಿನಲ್ಲಿ ದೊಡ್ಡದು. ಕೆಲಸಕ್ಕೆ ಹೋಗುವ ಬಸ್ಸು ಬದಲಾಗುತ್ತದೆ, ಅಂಗಡಿ ಬದಲಾಗುತ್ತದೆ, ಕತ್ತಲಲ್ಲಿ ನಡೆದು ಬರುವ ದಾರಿ ಬದಲಾಗುತ್ತದೆ. ಶಾಲೆಗೆ ಹೋಗುವ ಮಗು ಇದ್ದರೆ ಎರಡು ಸಲ ಯೋಚಿಸು. ವೀಸಾದ ಮೇಲಿದ್ದರೆ, ನಿನ್ನ ವಿಳಾಸದ ವಿಷಯವನ್ನು ಕೆಲಸ ಕೊಟ್ಟವರ ಹತ್ತಿರವೂ ಬಲ್ಲ ವಕೀಲರ ಹತ್ತಿರವೂ ಮೊದಲೇ ಬಗೆಹರಿಸಿಕೋ. ಒಂದು ವಿಷಯದಲ್ಲಿ ಮಾತ್ರ ಭಯ ಬೇಡ. ವಿಳಾಸದ ಪುರಾವೆ ಇಲ್ಲವೆಂಬ ಕಾರಣಕ್ಕೆ ಜಿಪಿ ವೈದ್ಯರಲ್ಲಿ ಹೆಸರು ನೋಂದಾಯಿಸಲು ನಿರಾಕರಿಸುವಂತಿಲ್ಲ. ಕೌಂಟರಿನಲ್ಲಿ ಕೂತವರು ಆಗುವುದಿಲ್ಲ ಎಂದರೆ ಗಟ್ಟಿಯಾಗಿ ಕೇಳು, ಅದು ನಿನ್ನ ಹಕ್ಕು.

ದೋಣಿ ಮನೆಯಲ್ಲಿ ನಲ್ಲಿ ತಿರುಗಿಸಿದರೆ ಬರುವುದು ನೀನೇ ತುಂಬಿಸಿದ ನೀರು. ಟ್ಯಾಂಕ್ ಬರಿದಾದರೆ ಮುಂದಿನ ನೀರಿನ ನಲ್ಲಿಯವರೆಗೆ ದೋಣಿ ನಡೆಸಬೇಕು. ಶೌಚದ ಕ್ಯಾಸೆಟ್ಟು ಸುಮಾರು 20 ಲೀಟರಿನದು; ತುಂಬಿದಾಗ ತಳ್ಳುಗಾಡಿಯಲ್ಲಿಟ್ಟು ಎಲ್ಸನ್ ಎಂಬ ವಿಲೇವಾರಿ ಕೇಂದ್ರಕ್ಕೆ ಒಯ್ದು ಸುರಿದು ತೊಳೆದು ತರಬೇಕು. ನಮ್ಮಲ್ಲಿ ಇದನ್ನು ಮಾಡುವವರು ಬೇರೆಯವರು ಎಂದುಕೊಂಡೇ ಎಷ್ಟೋ ತಲೆಮಾರು ಬದುಕಿದ್ದೇವೆ. ಮೊದಲ ಸಲ ಆ ಪೆಟ್ಟಿಗೆಯನ್ನು ಸ್ವಂತ ಕೈಯಲ್ಲಿ ಎಳೆದುಕೊಂಡು ಹೋದಾಗ ನನ್ನೊಳಗೆ ಏನೋ ನೇರವಾಯಿತು. ನಿನಗೂ ಅದು ಒಳ್ಳೆಯದನ್ನೇ ಮಾಡುತ್ತದೆ.

ವಿದ್ಯುತ್ತೂ ಹಾಗೆಯೇ. ಬೇಸಿಗೆಯಲ್ಲಿ ಚಾವಣಿಯ ಸೋಲಾರ್ ಫಲಕ ಸಾಕು. ಡಿಸೆಂಬರಿನಲ್ಲಿ ಸೂರ್ಯ ಮಧ್ಯಾಹ್ನ ನಾಲ್ಕಕ್ಕೇ ಇಳಿಯುತ್ತಾನೆ, ಫಲಕದಿಂದ ಹೆಚ್ಚೇನೂ ಬರುವುದಿಲ್ಲ, ಎಂಜಿನ್ ಓಡಿಸಿಯೇ ಬ್ಯಾಟರಿ ತುಂಬಬೇಕು. ಮಿಕ್ಸಿ ಹಾಕುವ ಮುನ್ನ ಬ್ಯಾಟರಿ ಅಂಕಿ ನೋಡುವ ಅಭ್ಯಾಸ ನನ್ನ ಹೆಂಡತಿಗೆ ಬಂದುಬಿಟ್ಟಿತ್ತು. ಚಟ್ನಿ ಹಗಲಲ್ಲಿ, ಎಂಜಿನ್ ಓಡುತ್ತಿರುವಾಗ ಮಾತ್ರ. ಪ್ರೆಷರ್ ಕುಕ್ಕರ್ ಖಂಡಿತ ಒಯ್ಯಿ. ಗ್ಯಾಸೂ ಉಳಿಯುತ್ತದೆ, ಆವಿಯೂ ಕಡಿಮೆ. ತೆರೆದ ಪಾತ್ರೆಯಲ್ಲಿ ಅನ್ನ ಬೇಯಿಸಿದರೆ ಬೆಳಗಾಗುವಷ್ಟರಲ್ಲಿ ಕಿಟಕಿಯ ಚೌಕಟ್ಟಿನಿಂದ ನೀರು ಸುರಿದು ಹಾಸಿಗೆ ಒದ್ದೆ. ಚಳಿಯೆಂದು ಗಾಳಿಕಿಂಡಿ ಮಾತ್ರ ಮುಚ್ಚಬೇಡ.

ಇದು ಪ್ರಾಣದ ವಿಷಯ, ಆದ್ದರಿಂದ ಕಿವಿಗೊಟ್ಟು ಕೇಳು. ಕಲ್ಲಿದ್ದಲ ಒಲೆಯ ಹೊಗೆನಳಿಗೆ ಕಟ್ಟಿಕೊಂಡರೆ ಅಥವಾ ಬಾಗಿಲಿನ ಹಗ್ಗದ ಸೀಲು ಸವೆದರೆ ಕಾರ್ಬನ್ ಮೊನಾಕ್ಸೈಡ್ ಒಳಗೆ ತುಂಬುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ಮಂಪರು, ಅಷ್ಟೇ; ಮಲಗಿದವರು ಏಳುವುದಿಲ್ಲ. 2019ರ ಏಪ್ರಿಲ್‌ನಿಂದ ಸೇಫ್ಟಿ ಸರ್ಟಿಫಿಕೇಟಿಗೆ ಇದರ ಅಲಾರಂ ಕಡ್ಡಾಯ. ವಾರಕ್ಕೊಮ್ಮೆ ಅದರ ಗುಂಡಿ ಒತ್ತಿ ನೋಡು. ಎಷ್ಟೇ ಚಳಿಯಿರಲಿ, ಇದ್ದಿಲ ಬಾರ್ಬೆಕ್ಯೂವನ್ನು ಒಳಗೆ ತರಲೇಬೇಡ, ಆರಿದ ಮೇಲೂ ತರಬೇಡ.

ಎರಡನೆಯ ಅಪಾಯ ಲಾಕ್. ಕೆಳಗಿಳಿಯುವಾಗ ಮೇಲಿನ ಗೇಟಿನ ಬುಡದಲ್ಲಿ ನೀರೊಳಗೆ ಒಂದು ಕಲ್ಲಿನ ಮೆಟ್ಟಿಲು ಇರುತ್ತದೆ, ಅದಕ್ಕೆ ಸಿಲ್ ಎನ್ನುತ್ತಾರೆ. ಗೋಡೆಯ ಮೇಲೆ ಬಿಳಿ ಗೆರೆ ಎಳೆದಿರುತ್ತಾರೆ. ದೋಣಿಯ ಹಿಂಭಾಗ ಆ ಗೆರೆಗಿಂತ ಮುಂದಿರಬೇಕು. ಫೋನ್ ನೋಡುತ್ತಾ ಅದನ್ನು ಮರೆತರೆ, ನೀರು ಇಳಿಯುತ್ತಿದ್ದಂತೆ ಹಿಂಭಾಗ ಸಿಲ್ ಮೇಲೆ ಕೂತು, ಮುಂಭಾಗ ಕೆಳಗೆ ವಾಲಿ, ಕೆಲವೇ ನಿಮಿಷದಲ್ಲಿ ದೋಣಿ ಮುಳುಗುತ್ತದೆ. ಅಂಥದೇನಾದರೂ ಕಂಡರೆ ಕೆಳಗಿನ ಗೇಟಿನ ಪ್ಯಾಡಲ್‌ಗಳನ್ನು, ಅಂದರೆ ನೀರು ಬಿಡುವ ತೂಬುಗಳನ್ನು, ತಕ್ಷಣ ಇಳಿಸಿ ನೀರು ಹೋಗುವುದನ್ನು ನಿಲ್ಲಿಸು. ವಾರಿಕ್ ಹತ್ತಿರದ ಹ್ಯಾಟನ್‌ನಲ್ಲಿ ಸಾಲಾಗಿ 21 ಲಾಕ್‌ಗಳಿವೆ. ಅಲ್ಲಿ ಇಳಿದು ಬರುವಷ್ಟರಲ್ಲಿ ತಾಳ್ಮೆ ತಾನಾಗಿ ಬರುತ್ತದೆ. ಇಲ್ಲಿ ವೇಗದ ಮಿತಿಯೇ ಗಂಟೆಗೆ 4 ಮೈಲಿ. ಸೋತು ಬಂದವರಿಗೆ ಆ ನಡಿಗೆ ಹಿತವಾಗುತ್ತದೆ. ಕೈಗೆ ಕೆಲಸವಿರುತ್ತದೆ, ತಲೆಗೆ ಬಿಡುವಿರುತ್ತದೆ. ರಾತ್ರಿ ನಿದ್ದೆ ಮರಳಿ ಬಂದದ್ದು ನನಗೆ ಹೀಗೆ.

ಜನರೂ ಸಿಗುತ್ತಾರೆ. ಕಲ್ಲಿದ್ದಲು, ಡೀಸೆಲ್, ಗ್ಯಾಸ್ ಹೊತ್ತು ಮಾರುವ ಇಂಧನ ದೋಣಿಗಳು ಈಗಲೂ ಕೆಲವು ಕಾಲುವೆಗಳಲ್ಲಿ ಓಡಾಡುತ್ತವೆ. ಅವರು ಪಕ್ಕಕ್ಕೆ ಬಂದು ಹಗ್ಗ ಎಸೆದು, ಇಪ್ಪತ್ತೈದು ಕಿಲೋ ಚೀಲ ನಿನ್ನ ಚಾವಣಿಗೆ ಏರಿಸುತ್ತಾ, ಮುಂದಿನ ಊರಿನಲ್ಲಿ ಯಾರಿಗೆ ಜ್ವರ, ಯಾವ ಲಾಕ್ ದುರಸ್ತಿಗೆ ಮುಚ್ಚಿದೆ ಎಲ್ಲ ಹೇಳುತ್ತಾರೆ. ಚಹಾ ಕೊಡು. ನೀನು ಯಾಕೆ ಇಲ್ಲಿಗೆ ಬಂದೆ ಎಂದು ಯಾರೂ ಕೇಳುವುದಿಲ್ಲ. ಅಲ್ಲಿರುವ ಎಷ್ಟೋ ಜನರ ಹಿಂದೆ ನಿನ್ನದೇ ಥರದ ಒಂದು ಕತೆ ಇದೆ. ವಾರದಲ್ಲಿ ಒಂದು ದಿನವಾದರೂ ಯಾರೊಂದಿಗಾದರೂ ಕೂತು ಉಣ್ಣು. ಜನವರಿಯ ಕತ್ತಲಲ್ಲಿ ಒಬ್ಬನೇ ಹತ್ತು ದಿನ ಬಾಯಿ ತೆರೆಯದೆ ಇದ್ದುಬಿಡುವುದು ಸುಲಭ, ಅದೇ ಅಪಾಯ. ಮನಸ್ಸು ಕುಸಿಯುತ್ತಿದೆ ಎನ್ನಿಸಿದರೆ ವೈದ್ಯರ ಹತ್ತಿರ ಹೋಗು, ನಾಳೆಗೆ ಎನ್ನಬೇಡ.

ಇನ್ನು ಊರಿನಲ್ಲಿರುವವರು. ಅಪ್ಪ ಅಮ್ಮನಿಗೆ ಹೇಳು, ಮಗೂ. ಬೇರೆಯವರ ಮನೆಯ ಗೋಡೆ ಹಿಂದಿಟ್ಟುಕೊಂಡು ವಿಡಿಯೋ ಕಾಲ್ ಮಾಡುವವರನ್ನು ನಾನು ಬಲ್ಲೆ. ಆ ಸುಳ್ಳನ್ನು ಪ್ರತಿ ಭಾನುವಾರ ಹೊಸದಾಗಿ ಹೇಳಬೇಕಾಗುತ್ತದೆ, ಮತ್ತು ಹಣದ ಕಷ್ಟಕ್ಕಿಂತ ಅದೇ ಮನುಷ್ಯನನ್ನು ಹೆಚ್ಚು ಸವೆಸುತ್ತದೆ. ಅಮ್ಮ ಅಳಬಹುದು, ಅಪ್ಪ ಎರಡು ದಿನ ಮಾತು ಬಿಡಬಹುದು. ಆಮೇಲೆ ಅಮ್ಮ ಕೇಳುವ ಪ್ರಶ್ನೆ ನನಗೆ ಗೊತ್ತು: ಒಲೆ ಎಲ್ಲಿದೆ, ಸ್ನಾನ ಎಲ್ಲಿ ಮಾಡ್ತೀಯ, ಬಾಗಿಲಿಗೆ ಭದ್ರವಾದ ಚಿಲಕ ಇದೆಯಾ? ಫೋನ್ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ತೋರಿಸು. ದೇವರ ಫೋಟೋ ಎಲ್ಲಿಟ್ಟಿದ್ದೀ ಎಂದು ಕೇಳುವ ಹೊತ್ತಿಗೆ ಅವರು ಅರ್ಧ ಒಪ್ಪಿರುತ್ತಾರೆ.

ಮತ್ತೆ ದಡ ಹತ್ತುವ ದಿನದ ಬಗ್ಗೆಯೂ ಹೊರಡುವ ಮುನ್ನವೇ ಯೋಚಿಸಿಡು. ಎಷ್ಟು ಹಣ ಕೂಡಿದರೆ, ಯಾವ ಕೆಲಸ ಸಿಕ್ಕರೆ, ಆರೋಗ್ಯ ಯಾವ ಮಟ್ಟಕ್ಕೆ ಇಳಿದರೆ ದೋಣಿ ಬಿಡುತ್ತೇನೆ ಎಂದು ಒಂದು ಹಾಳೆಯಲ್ಲಿ ಬರೆದಿಡು. ಕೆಲವರು ನೀರಿನ ಮೇಲೆಯೇ ಉಳಿಯುತ್ತಾರೆ, ಅದಕ್ಕಿಂತ ಚೆಂದದ ಬದುಕು ಕಾಣದೆ. ನಾವು ಇಳಿದೆವು, ನನ್ನ ಹೆಂಡತಿಯ ಮಂಡಿ ಲಾಕ್‌ಗಳಿಗೆ ಒಗ್ಗಲಿಲ್ಲ. ಎರಡರಲ್ಲೂ ಸೋಲಿಲ್ಲ. ತೀರ್ಮಾನ ನಿನ್ನ ಕೈಯಲ್ಲಿರಲಿ, ಉಕ್ಕು ಸವೆದು ಅದು ತೀರ್ಮಾನಿಸುವಂತೆ ಆಗದಿರಲಿ.

ಈಗ ಮಾಡಬೇಕಾದ್ದು ಇಷ್ಟು. ಬೇಸಿಗೆಯ ಭಾನುವಾರ, ಬಾತುಕೋಳಿ ಮರಿಗಳು ಈಜುವ ಹೊತ್ತಿನಲ್ಲಿ ದೋಣಿ ನೋಡಿ ಮುಂಗಡ ಕೊಟ್ಟು ಬರಬೇಡ. ಚಳಿಗಾಲದಲ್ಲೂ ದೋಣಿ ಬಾಡಿಗೆಗೆ ಕೊಡುವವರು ಕೆಲವರಿದ್ದಾರೆ. ನವೆಂಬರಿನಲ್ಲಿ ಒಂದು ವಾರಕ್ಕೆ ತೆಗೆದುಕೋ. ಅಲ್ಲಿಂದಲೇ ಕೆಲಸಕ್ಕೆ ಹೋಗಿ ಬಾ, ಒಲೆ ಹಚ್ಚು, ಬೂದಿ ತೆಗೆ, ನೀರು ತುಂಬಿಸು, ಕ್ಯಾಸೆಟ್ಟು ಖಾಲಿ ಮಾಡು, ಮಳೆಯಲ್ಲಿ ಲಾಕ್ ದಾಟು. ಆ ವಾರದ ಖರ್ಚನ್ನು ಪೈಸೆಪೈಸೆ ಬರೆದಿಡು. ವಾರ ಮುಗಿದ ಮೇಲೂ ಮನಸ್ಸು ಅಲ್ಲೇ ಇದ್ದರೆ, ಆಗ ಸರ್ವೇಯರ್‌ಗೆ ಫೋನ್ ಮಾಡು.